ಕರುಳನ್ನು ತೊಳೆಯಬೇಕೆ?

ಬಳಸಿದ ಪಾತ್ರೆಯನ್ನು ಬೆಳಗಬೇಕು, ಮಸಿ ಹಿಡಿದ ಲಾಂದ್ರದ ಗಾಜನ್ನು ಒರೆಸಬೇಕು, ಕಟ್ಟಿಕೊಂಡ ಮೋರಿಗೆ ನೀರು ಹುಯ್ದು ಬಿಡಿಸಬೇಕು. ಇವು ನಿತ್ಯಾನುಭವದ ಮಾತುಗಳು. ಈ ಅನುಭವವನ್ನೇ ಶರೀರಕ್ಕೆ ಅನ್ವಯಿಸಿ, ಹುಟ್ಟಿದಂದಿನಿಂದ ಆಹಾರದ ಶೇಷವನ್ನು ಹೊತ್ತು ಸಾಗಿಸುತ್ತಿರುವ ಕರುಳನ್ನೂ ಆಗಾಗ ತೊಳೆಯಬೇಡವೆ ಎಂದು ಯಾರಾದರೂ ಕೇಳಿದರೆ, ಒಡನೆಯೇ ಬೇಡವೆನ್ನಲು ನಾಲಗೆ ಏಳದು. ಮಾತು ಅಷ್ಟು ಯುಕ್ತವಾಗಿ ತೋರುತ್ತದೆ.

ಈ ಪ್ರಶ್ನೆಗೆ ಇಂದು ಪೇಟೆಯಲ್ಲಿ ಸಿದ್ಧವಾದ ಉತ್ತರಗಳು ದೊರೆಯುತ್ತವೆ. ‘ಡಿಟಾಕ್ಸ್’ ಎಂಬ ಹೆಸರಿನ ಚಹಪುಡಿಗಳೂ ಗುಳಿಗೆಗಳೂ ಚೂರ್ಣಗಳೂ ಅಂಗಡಿಗಳಲ್ಲಿ ಮಾತ್ರವಲ್ಲ, ಮೊಬೈಲ್ ಫೋನಿನ ಜಾಹೀರಾತುಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ. ಗುದದ್ವಾರದ ಮೂಲಕ ಯಂತ್ರದಿಂದ ಹತ್ತಾರು ಲೀಟರು ನೀರನ್ನು ಹಾಯಿಸಿ ದೊಡ್ಡ ಕರುಳನ್ನು ತೊಳೆಯುವ ಏರ್ಪಾಡುಗಳೂ ನಗರಗಳಲ್ಲಿವೆ. ಇವುಗಳಿಂದ ಪ್ರಯೋಜನವುಂಟೆ? ಇಲ್ಲವಾದಲ್ಲಿ ಅವು ಕೇವಲ ನಿರರ್ಥಕವೆ, ಅಥವಾ ಅಪಾಯಕರವೂ ಹೌದೆ? ಇದು ವೈದ್ಯರಿಗೆ ಸೇರಿದ ಪ್ರಶ್ನೆಯೆಂದು ಭೌತವಿಜ್ಞಾನವನ್ನು ಓದಿದವರು ಸುಮ್ಮನಿರಬೇಕಾಗಿಲ್ಲ. ನೀರು, ಲವಣ, ಒತ್ತಡ, ಪೊರೆ ಇವುಗಳ ನಿಯಮಗಳು ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಹೇಗೋ ಹೊಟ್ಟೆಯೊಳಗೂ ಹಾಗೆಯೇ ನಡೆಯುತ್ತವೆ. ಆದುದರಿಂದ ವಿಷಯವನ್ನು ಮೊದಲಿನಿಂದ ವಿಚಾರಿಸೋಣ.

ಹಳೆಯ ರೂಢಿ

ಕರುಳನ್ನು ಬರಿದುಮಾಡುವ ಪದ್ಧತಿ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ ೧೫೫೦ರ ಸುಮಾರಿನದೆಂದು ಎಣಿಸಲಾದ ಈಜಿಪ್ಟಿನ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ಎನಿಮಾದ ಉಲ್ಲೇಖವಿದೆ. ಈಜಿಪ್ಟಿನ ಜನರು ಪ್ರತಿ ತಿಂಗಳೂ ಒಂದೇ ಸಮನೆ ಮೂರು ದಿನ ಹೊಟ್ಟೆಯನ್ನು ಶುದ್ಧಿಮಾಡಿಕೊಳ್ಳುತ್ತಾರೆಂದು ಗ್ರೀಕ್ ಇತಿಹಾಸಕಾರ ಹೆರಾಡೊಟಸನು ಬರೆದಿದ್ದಾನೆ. ನಮ್ಮ ಆಯುರ್ವೇದದ ಪಂಚಕರ್ಮಗಳಲ್ಲಿ ವಿರೇಚನವೂ ಬಸ್ತಿಯೂ ಸೇರಿವೆ. ಹಠಯೋಗದ ಷಟ್ಕರ್ಮಗಳಲ್ಲಿ ಬಸ್ತಿಯುಂಟು. ಮಕ್ಕಳನ್ನು ಹಿಡಿದು ಕೂರಿಸಿ ಹರಳೆಣ್ಣೆ ಕುಡಿಸುವ ದಿನವನ್ನು ನಮ್ಮ ಹಿಂದಿನ ತಲೆಮಾರಿನ ಯಾರೂ ಮರೆತಿರಲಾರರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಚರಕಸಂಹಿತೆಯು ಈ ಕರ್ಮಗಳನ್ನು ಹೇಳುವಾಗಲೇ ಅವಕ್ಕೆ ಯಾರು ಅರ್ಹರು, ಯಾರು ಅನರ್ಹರು ಎಂಬುದನ್ನೂ ಪಟ್ಟಿಮಾಡಿ ಹೇಳುತ್ತದೆ. ಬಲಹೀನರಿಗೂ ಕೆಲವು ಬಗೆಯ ರೋಗಿಗಳಿಗೂ ಅದರಲ್ಲಿ ನಿಷೇಧವಿದೆ. ಎಂದರೆ, ಇದು ಸಲೀಸಾದ ಕ್ರಿಯೆಯಲ್ಲವೆಂಬುದು ಪ್ರಾಚೀನರಿಗೂ ತಿಳಿದಿತ್ತು. ಆರೋಗ್ಯವಂತನೂ ರೋಗಿಯೂ ಒಂದೇ ಪೊಟ್ಟಣವನ್ನು ಕೊಂಡು ತಾನೇ ಸೇವಿಸಬಹುದೆಂಬ ಇಂದಿನ ಜಾಹೀರಾತಿಗೆ ಆ ಗ್ರಂಥಗಳ ಆಧಾರವನ್ನು ಹೇಳುವುದು ನ್ಯಾಯವಾಗದು.

ತನ್ನ ವಿಷ ತನಗೇ

ಇಂದಿನ ಜಾಹೀರಾತುಗಳ ಭಾಷೆ ವಾಸ್ತವವಾಗಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ. ರೋಗಾಣುಗಳ ವಿಜ್ಞಾನ ಆಗತಾನೆ ತಲೆಯೆತ್ತಿತ್ತು. ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ಅಪಾರವಾಗಿವೆಯೆಂಬುದೂ ಅಲ್ಲಿ ಕೊಳೆಯುವಿಕೆ ನಡೆಯುತ್ತದೆಂಬುದೂ ಗೊತ್ತಾಗಿತ್ತು. ಕೊಳೆಯುವಲ್ಲಿ ವಿಷವಿರಬೇಕು, ಆ ವಿಷ ರಕ್ತಕ್ಕೆ ಸೇರಬೇಕು, ತಲೆನೋವು, ಜಡತೆ, ಮುಪ್ಪು ಎಲ್ಲಕ್ಕೂ ಅದೇ ಕಾರಣವಾಗಿರಬೇಕು. ಹೀಗೆ ತರ್ಕ ಸಾಗಿತು. ಪ್ಯಾರಿಸ್ಸಿನ ವೈದ್ಯ ಷಾರ್ಲ್ ಬೂಷಾರ್ ೧೮೮೭ರಲ್ಲಿ ಪ್ರಕಟಿಸಿದ ಉಪನ್ಯಾಸಗಳಿಂದ ಈ ‘ಸ್ವವಿಷ ಸಿದ್ಧಾಂತ’ಕ್ಕೆ ದೊಡ್ಡ ಮನ್ನಣೆ ದೊರೆಯಿತು.

೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಇಲ್ಯಾ ಮೆಚ್ನಿಕಾಫ್ ಮಹಾಶಯನೂ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳೇ ಆಯುಸ್ಸನ್ನು ಕುಗ್ಗಿಸುತ್ತವೆಂದು ನಂಬಿ, ಹುಳಿಹಾಲಿನ ಸೇವನೆಯನ್ನು ಬೋಧಿಸಿದನು. ಅಮೆರಿಕದ ಬ್ಯಾಟಲ್ ಕ್ರೀಕಿನಲ್ಲಿ ಆರೋಗ್ಯಧಾಮವನ್ನು ನಡೆಸುತ್ತಿದ್ದ ಜಾನ್ ಹಾರ್ವೆ ಕೆಲಾಗ್ ಎನಿಮಾ ಚಿಕಿತ್ಸೆಯನ್ನು ಯಂತ್ರಗಳ ಸಹಾಯದಿಂದ ನಡೆಸಿದನು. ಲಂಡನ್ನಿನ ಗೈಸ್ ಆಸ್ಪತ್ರೆಯ ಪ್ರಸಿದ್ಧ ಶಸ್ತ್ರವೈದ್ಯ ವಿಲಿಯಂ ಆರ್ಬತ್‌ನಾಟ್ ಲೇನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೀವ್ರ ಮಲಬದ್ಧತೆಯುಳ್ಳವರ ದೊಡ್ಡ ಕರುಳನ್ನೇ ಕೊಯ್ದು ತೆಗೆಯತೊಡಗಿದನು. ತಪ್ಪು ಸಿದ್ಧಾಂತವೊಂದು ಕಾಗದದ ಮೇಲೆ ಉಳಿಯುವುದಿಲ್ಲ. ಅದು ಮನುಷ್ಯರ ಹೊಟ್ಟೆಯನ್ನು ಸೀಳುವವರೆಗೂ ಹೋಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹತ್ತಿಯ ಪ್ರಯೋಗ

ಈ ಸಿದ್ಧಾಂತವನ್ನು ಅಲುಗಿಸಿದುದು ಒಂದು ಸರಳವಾದ ವಿಚಾರ. ಮಲಬದ್ಧತೆಯಿದ್ದವನಿಗೆ ತಲೆಭಾರ, ಬೇಸರ, ಹಸಿವಿಲ್ಲದಿರುವಿಕೆ ಇರುವುದು ನಿಜ. ಮಲವಿಸರ್ಜನೆಯಾದ ಒಡನೆಯೇ ಅವನಿಗೆ ಹಾಯೆನಿಸುವುದೂ ನಿಜ. ಈ ‘ಒಡನೆಯೇ’ ಎಂಬ ಮಾತಿನಲ್ಲಿಯೇ ರಹಸ್ಯವಿದೆ. ಬಾಧೆಗೆ ರಕ್ತದಲ್ಲಿ ಬೆರೆತ ವಿಷವು ಕಾರಣವಾಗಿದ್ದಲ್ಲಿ, ಆ ವಿಷ ರಕ್ತದಿಂದ ತೊಲಗುವವರೆಗೆ ಬಾಧೆಯೂ ಉಳಿಯಬೇಕಾಗಿತ್ತು. ಮದ್ಯ ಕುಡಿದವನ ಅಮಲು ಸೀಸೆಯನ್ನು ಎಸೆದ ಮಾತ್ರಕ್ಕೆ ಇಳಿಯುವುದಿಲ್ಲವಷ್ಟೆ! ಕ್ಷಣಮಾತ್ರದಲ್ಲಿ ಬಾಧೆ ಅಡಗುವುದೆಂದರೆ ಅದರ ಕಾರಣ ವಿಷವಲ್ಲ, ಒತ್ತಡ. ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್ ೧೯೧೯ರಲ್ಲಿ ಈ ವಾದವನ್ನು ಮುಂದಿಟ್ಟನು. ೧೯೨೨ರಲ್ಲಿ ಡೊನಾಲ್ಡ್‌ಸನ್ ಎಂಬಾತನು ಇದನ್ನು ಪ್ರಯೋಗಕ್ಕೆ ಒಡ್ಡಿದನು. ಆರೋಗ್ಯವಂತರ ಗುದನಾಳದಲ್ಲಿ ಹತ್ತಿಯನ್ನು ತುಂಬಿ ನೋಡಲಾಗಿ, ಮಲಬದ್ಧತೆಯ ಅದೇ ಲಕ್ಷಣಗಳು ತೋರಿಬಂದವು. ಹತ್ತಿಯನ್ನು ಹೊರತೆಗೆದಾಗ ಅವು ಮಾಯವಾದವು. ಹತ್ತಿಯಲ್ಲಿ ಯಾವ ವಿಷವಿದ್ದೀತು? ಹಿಗ್ಗಿದ ಗೋಡೆಯಿಂದ ನರಗಳ ಮೂಲಕ ಮಿದುಳಿಗೆ ಹೋದ ಸುದ್ದಿಯೇ ಆ ಜಡತೆ.

ಕರುಳು ಮೋರಿಯಲ್ಲ

ಮೋರಿಯ ಉಪಮೆ ತಪ್ಪಾದುದು ಎಲ್ಲಿ ಎಂಬುದನ್ನು ಈಗ ನೋಡಬೇಕು. ಮೋರಿಯ ಗೋಡೆ ನಿರ್ಜೀವವಾದುದು; ಅದಕ್ಕೆ ಅಂಟಿದ ಕೊಳೆ ಅಲ್ಲಿಯೇ ಉಳಿಯುತ್ತದೆ. ಕರುಳಿನ ಗೋಡೆ ಜೀವಂತವಾದುದು. ಅದರ ಒಳಮೈಯ ಜೀವಕೋಶಗಳು ಕೆಲವೇ ದಿನಗಳಲ್ಲಿ ಉದುರಿ, ಅವುಗಳ ಸ್ಥಾನದಲ್ಲಿ ಹೊಸವು ಬೆಳೆಯುತ್ತವೆ. ಗೋಡೆಯೇ ವಾರಕ್ಕೊಮ್ಮೆ ಹೊಸದಾಗುತ್ತಿರುವಲ್ಲಿ ವರ್ಷಗಳ ಕೊಳೆ ಅಂಟಿಕೊಳ್ಳುವುದಾದರೂ ಯಾವುದಕ್ಕೆ? ಇದರ ಮೇಲೆ ಲೋಳೆಯ ಒಂದು ಪದರವಿದ್ದು, ಅದೂ ಸತತವಾಗಿ ಸ್ರವಿಸುತ್ತ ಮಲದೊಡನೆ ಜಾರಿಹೋಗುತ್ತದೆ.

ಮೋರಿ ತಾನಾಗಿ ಚಲಿಸದು, ಕರುಳು ಚಲಿಸುತ್ತದೆ. ಒಳಗಿನ ವಸ್ತುವಿನ ಹಿಂದೆ ಸಂಕೋಚ, ಮುಂದೆ ಸಡಿಲಿಕೆ. ಹೀಗೆ ಕರುಳು ತನ್ನೊಳಗಿನದನ್ನು ತಾನೇ ಮುಂದೂಡುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ೧೮೯೯ರಲ್ಲಿಯೇ ತೋರಿಸಿಕೊಟ್ಟರು. ಹೊಟ್ಟೆ ಬರಿದಾಗಿರುವಾಗ ಸುಮಾರು ಒಂದೂವರೆ ಗಂಟೆಗೊಮ್ಮೆ ಜಠರದಿಂದ ಸಣ್ಣ ಕರುಳಿನ ತುದಿಯವರೆಗೆ ಸಂಕೋಚದ ಒಂದು ಅಲೆ ಹಾದುಹೋಗಿ, ಉಳಿದ ತುಣುಕುಗಳನ್ನು ಗುಡಿಸಿಕೊಂಡು ಹೋಗುತ್ತದೆ. ಶರೀರಶಾಸ್ತ್ರಜ್ಞರು ಇದನ್ನು ಕರುಳಿನ ಕಸಗುಡಿಸುವವನೆಂದು ಕರೆಯುವುದುಂಟು.

ದೊಡ್ಡ ಕರುಳಿನ ಮುಖ್ಯ ಕಾರ್ಯ ನೀರಿನ ಉಳಿತಾಯ. ನಾವು ಕುಡಿದ ಸುಮಾರು ೨ ಲೀಟರು ದ್ರವವೂ, ಜೊಲ್ಲು, ಜಠರರಸ, ಪಿತ್ತ ಮುಂತಾದ ಸುಮಾರು ೭ ಲೀಟರು ಸ್ರಾವಗಳೂ ಸೇರಿ ದಿನವೊಂದಕ್ಕೆ ೯ ಲೀಟರಿನಷ್ಟು ದ್ರವ ಅನ್ನನಾಳದ ಮಾರ್ಗಕ್ಕೆ ಇಳಿಯುತ್ತದೆ. ಇದರ ಬಹುಭಾಗವನ್ನು ಸಣ್ಣ ಕರುಳು ಹೀರುತ್ತದೆ. ಉಳಿದ ೧ರಿಂದ ೨ ಲೀಟರು, ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಬರುತ್ತದೆ. ಕೊನೆಯಲ್ಲಿ ಮಲದೊಡನೆ ಹೊರಹೋಗುವ ನೀರು ಒಂದೆರಡು ನೂರು ಮಿಲಿಲೀಟರು ಮಾತ್ರ. ಇಂಥ ಮಿತವ್ಯಯದ ಯಂತ್ರವನ್ನು ಮೋರಿಯೆಂದು ಕರೆಯುವುದು ಅದಕ್ಕೆ ಮಾಡುವ ಅಪಮಾನವೇ ಸರಿ.

ಇನ್ನು ಸೂಕ್ಷ್ಮಜೀವಿಗಳ ವಿಷಯ. ೭೦ ಕಿಲೋಗ್ರಾಂ ತೂಕದ ಮನುಷ್ಯನ ಶರೀರದಲ್ಲಿ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆಯೆಂದು ೨೦೧೬ರಲ್ಲಿ ಲೆಕ್ಕಹಾಕಲಾಗಿದೆ. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿಯೇ. ಮೆಚ್ನಿಕಾಫನ ಕಾಲದವರು ಇವನ್ನೆಲ್ಲ ಶತ್ರುಗಳೆಂದು ಬಗೆದಿದ್ದರು. ನಮಗೆ ಜೀರ್ಣವಾಗದ ನಾರನ್ನು ಇವು ಹುದುಗಿಸಿ ಕೆಲವು ಮೇದೋಮ್ಲಗಳನ್ನಾಗಿ ಮಾರ್ಪಡಿಸುತ್ತವೆಂದೂ, ಅವುಗಳಲ್ಲಿ ಬ್ಯುಟಿರೇಟ್ ಎಂಬುದು ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಪ್ರಧಾನವಾದ ಆಹಾರವೆಂದೂ ಈಗ ತಿಳಿದಿದೆ. ಇವರು ಮನೆಯನ್ನು ಹೊಕ್ಕ ಕಳ್ಳರಲ್ಲ. ಬಾಡಿಗೆಗೆ ಪ್ರತಿಯಾಗಿ ಅಡಿಗೆ ಮಾಡಿಕೊಡುವ ಒಕ್ಕಲುಗಳು. ಕರುಳನ್ನು ತೊಳೆದಾಗ ಇವುಗಳ ಸಂಖ್ಯೆ ಕೆಲಕಾಲ ತಗ್ಗಿ, ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಆದುದರಿಂದ ಇವುಗಳನ್ನು ತೊಳೆದು ತೆಗೆಯುತ್ತೇವೆಂಬುದು ಅನಗತ್ಯವಷ್ಟೇ ಅಲ್ಲ, ಅಸಾಧ್ಯವೂ ಹೌದು.

ಸತ್ಯದ ಒಂದು ಕಣ

ಹಾಗಾದರೆ ಸ್ವವಿಷ ಸಿದ್ಧಾಂತದಲ್ಲಿ ಸತ್ಯವೇ ಇಲ್ಲವೆ? ಒಂದು ಕಣವುಂಟು. ಕರುಳಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ಉತ್ಪಾದಿಸುತ್ತವೆ. ಅದು ರಕ್ತದಲ್ಲಿ ಹೆಚ್ಚಾದರೆ ಮಿದುಳಿಗೆ ಹಾನಿಕರ. ಆದರೆ ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ ಮೊದಲು ಯಕೃತ್ತನ್ನು ಹೊಗುತ್ತದೆ. ಯಕೃತ್ತು ಅಮೋನಿಯವನ್ನು ಯೂರಿಯವಾಗಿ ಮಾರ್ಪಡಿಸುತ್ತದೆ; ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ಸೋಸಿ, ಬೇಡವಾದುದನ್ನು ಒಂದೂವರೆ ಲೀಟರು ಮೂತ್ರದಲ್ಲಿ ಕಳುಹಿಸುತ್ತವೆ. ಯಕೃತ್ತು ತೀರ ಕೆಟ್ಟವರಲ್ಲಿ ಅಮೋನಿಯ ಉಳಿದು ಪ್ರಜ್ಞೆ ಮಸುಳುವುದುಂಟು. ಅಂಥವರಿಗೆ ವೈದ್ಯರು ಲ್ಯಾಕ್ಟುಲೋಸ್ ಎಂಬ ಭೇದಿಕಾರಕ ಔಷಧವನ್ನು ಕೊಡುತ್ತಾರೆ. ಈ ನಿದರ್ಶನ ತೋರಿಸುವುದೇನೆಂದರೆ, ಯಕೃತ್ತು ಸರಿಯಿದ್ದವನಿಗೆ ಈ ಕೆಲಸ ಹಗಲಿರುಳೂ ನಡೆದೇ ಇದೆ ಎಂಬುದು. ‘ಡಿಟಾಕ್ಸ್’ ಗುಳಿಗೆಯನ್ನು ಮಾರುವವರು ತೊಲಗಿಸುವ ವಿಷ ಯಾವುದು, ಅದರ ಪ್ರಮಾಣ ಮೊದಲೆಷ್ಟು, ಅನಂತರವೆಷ್ಟು ಎಂದು ಕೇಳಿದರೆ ಹೆಸರಾಗಲಿ ಅಂಕಿಯಾಗಲಿ ಸಿಗುವುದಿಲ್ಲ. ಅಳತೆಯಿಲ್ಲದ ಮಾತು ವಿಜ್ಞಾನದ ಮಾತಲ್ಲ.

ಕಣ್ಣಾರೆ ಕಂಡುದು

“ಆದರೆ ನಾನು ಕಣ್ಣಾರೆ ಕಂಡೆನಲ್ಲ!” ಎನ್ನುವವರಿದ್ದಾರೆ. ಕೆಲವು ಚೂರ್ಣಗಳನ್ನು ಸೇವಿಸಿದಾಗ ಹಗ್ಗದಂಥ, ರಬ್ಬರಿನಂಥ ವಸ್ತು ಹೊರಬೀಳುವುದು ನಿಜ. ಇದೇ ಕರುಳಿಗೆ ಅಂಟಿದ್ದ ಹಳೆಯ ಕಿಟ್ಟವೆಂದು ಮಾರುವವರು ಹೇಳುತ್ತಾರೆ. ಆ ಚೂರ್ಣದಲ್ಲಿರುವುದೇನು? ಬಹುಮಟ್ಟಿಗೆ ಇಸಬ್‌ಗೋಲಿನ ಹೊಟ್ಟು ಮತ್ತು ಬೆಂಟೊನೈಟ್ ಎಂಬ ಜೇಡಿ. ಇಸಬ್‌ಗೋಲನ್ನು ನೀರಿನ ಲೋಟದಲ್ಲಿ ಹಾಕಿಟ್ಟರೆ ಅದು ಲೋಳೆಯಾಗಿ ಉಬ್ಬುವುದನ್ನು ವಾಚಕರು ಮನೆಯಲ್ಲಿಯೇ ನೋಡಬಹುದು. ಜೇಡಿಯೊಡನೆ ಬೆರೆತು ಕರುಳಿನ ಅಚ್ಚಿನಲ್ಲಿ ಹಾದು ಬಂದರೆ ಅದಕ್ಕೆ ಹಗ್ಗದ ಆಕಾರ ಬರುತ್ತದೆ. ಎಂದರೆ ರೋಗವೂ ಔಷಧವೂ ಒಂದೇ ಪೊಟ್ಟಣದಲ್ಲಿ ಬಂದವು! ನಿಜವಾಗಿ ಕಣ್ಣಾರೆ ಕಾಣುವವರು ನಳಿಕೆಯ ದರ್ಶಕದಿಂದ ದೊಡ್ಡ ಕರುಳನ್ನು ದಿನವೂ ಪರೀಕ್ಷಿಸುವ ವೈದ್ಯರು. ಅವರಿಗೆ ಕಾಣುವುದು ನಸುಗೆಂಪಾದ ನುಣುಪು ಗೋಡೆಯೇ ಹೊರತು ಕಿಟ್ಟದ ಪದರವಲ್ಲ.

ತೂಕ ಇಳಿಯಿತೆಂಬುದು ಇನ್ನೊಂದು ಸಾಕ್ಷ್ಯ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಭೇದಿಯಲ್ಲಿ ಎರಡು ಲೀಟರು ಹೋದರೆ ತಕ್ಕಡಿ ಎರಡು ಕಿಲೋಗ್ರಾಂ ಕಡಿಮೆ ತೋರಿಸಲೇಬೇಕು. ಕರಗಿದ್ದು ಕೊಬ್ಬಲ್ಲ, ನೀರು ಕುಡಿದೊಡನೆ ಆ ತೂಕ ಹಿಂದಿರುಗುತ್ತದೆ. ಆರೋಗ್ಯವರ್ಧನೆಗಾಗಿ ಕರುಳನ್ನು ತೊಳೆಯುವುದರ ಬಗೆಗೆ ಪ್ರಕಟವಾಗಿದ್ದ ವರದಿಗಳನ್ನೆಲ್ಲ ೨೦೦೯ರಲ್ಲಿ ಇಬ್ಬರು ವೈದ್ಯರು ಕಲೆಹಾಕಿ ಪರಿಶೀಲಿಸಿದಾಗ, ಅದರಿಂದ ಗುಣವಿದೆಯೆಂದು ತೋರಿಸುವ ಕಟ್ಟುನಿಟ್ಟಾದ ತುಲನಾತ್ಮಕ ಪ್ರಯೋಗ ಒಂದೂ ದೊರೆಯಲಿಲ್ಲ.

ನೀರಿನ ಲೆಕ್ಕ

ಪ್ರಯೋಜನವಿಲ್ಲದಿದ್ದರೆ ಹೋಗಲಿ, ಹಾನಿಯೇನು? ಇಲ್ಲಿ ಭೌತವಿಜ್ಞಾನ ಮಾತನಾಡಬೇಕು.

ಮೊದಲನೆಯದು ಅಭಿಸರಣ. ನೀರನ್ನು ಸರಾಗವಾಗಿ ಬಿಟ್ಟು ಲವಣವನ್ನು ತಡೆಯುವ ಪೊರೆಯೊಂದರ ಎರಡು ಪಕ್ಕಗಳಲ್ಲಿ ಲವಣದ ಪ್ರಮಾಣ ಬೇರೆಬೇರೆಯಾಗಿದ್ದರೆ, ನೀರು ಲವಣ ಹೆಚ್ಚಿರುವ ಕಡೆಗೆ ಹರಿಯುತ್ತದೆ. ನಮ್ಮ ರಕ್ತದ ಅಭಿಸರಣ ಒತ್ತಡವು ಲೀಟರಿಗೆ ೯ ಗ್ರಾಂ ಅಡಿಗೆ ಉಪ್ಪು ಬೆರೆಸಿದ ನೀರಿಗೆ ಸಮಾನ. ಬರಿಯ ನೀರನ್ನು ವಿಪುಲವಾಗಿ ಕರುಳಿಗೆ ಹಾಯಿಸಿದರೆ ಅದರಲ್ಲಿ ಸ್ವಲ್ಪಭಾಗ ರಕ್ತಕ್ಕೆ ಸೇರಿ ಸೋಡಿಯಮನ್ನು ತೆಳುವಾಗಿಸುತ್ತದೆ. ಆಗ ಜೀವಕೋಶಗಳೊಳಗೆ ನೀರು ನುಗ್ಗಿ ಅವು ಉಬ್ಬುತ್ತವೆ. ತೋಳಿನ ಜೀವಕೋಶ ಉಬ್ಬಿದರೆ ಚರ್ಮ ಹಿಗ್ಗಿ ಎಡೆಗೊಡುತ್ತದೆ. ಮಿದುಳು ಉಬ್ಬಿದರೆ ತಲೆಬುರುಡೆ ಹಿಗ್ಗದು. ಮಂಕು, ಸೆಳವು, ಪ್ರಜ್ಞಾಹೀನತೆ ಇದರ ಫಲ. ಇದಕ್ಕೆ ವ್ಯತಿರಿಕ್ತವಾಗಿ ಎಪ್ಸಮ್ ಲವಣದಂಥ ತೀವ್ರ ಲವಣಗಳು ರಕ್ತದಿಂದ ನೀರನ್ನು ಕರುಳಿಗೆ ಸೆಳೆದು ಭೇದಿ ಮಾಡಿಸುತ್ತವೆ. ಆ ನೀರಿನೊಡನೆ ಪೊಟ್ಯಾಸಿಯಂ ಹೋಗುತ್ತದೆ. ಪೊಟ್ಯಾಸಿಯಂ ತಗ್ಗಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ. ಇನ್ನು ಉಪ್ಪುನೀರನ್ನೇ ನಾಲ್ಕು ಲೀಟರು ಕುಡಿಯುತ್ತೇವೆಂದರೆ, ಲೀಟರಿಗೆ ೯ ಗ್ರಾಮಿನಂತೆ ೩೬ ಗ್ರಾಂ ಉಪ್ಪಾಯಿತು. ವಿಶ್ವ ಆರೋಗ್ಯ ಸಂಸ್ಥೆ ಒಂದು ದಿನಕ್ಕೆ ವಿಧಿಸಿರುವ ಮಿತಿ ೫ ಗ್ರಾಮಿಗಿಂತ ಕಡಿಮೆ. ಬಹುಭಾಗ ಹೊರಬಿದ್ದರೂ ಹೀರಲ್ಪಡುವ ಅಂಶ ರಕ್ತದೊತ್ತಡದ ರೋಗಿಗೂ ಹೃದ್ರೋಗಿಗೂ ಸಣ್ಣದಲ್ಲ.

ಎರಡನೆಯದು ಒತ್ತಡ. ಒಂದು ಮೀಟರ್ ಎತ್ತರದಲ್ಲಿ ತೂಗುಹಾಕಿದ ನೀರಿನ ಚೀಲ ತರುವ ಒತ್ತಡ ಸುಮಾರು ೭೪ ಮಿಲಿಮೀಟರ್ ಪಾದರಸದಷ್ಟು. ಇದು ಚೀಲದ ಗಾತ್ರವನ್ನಲ್ಲ, ಎತ್ತರವನ್ನು ಮಾತ್ರ ಅವಲಂಬಿಸಿದೆ. ಇಷ್ಟು ಒತ್ತಡದಲ್ಲಿ ಕೊಳವೆಯ ಗೋಡೆಯ ಮೇಲೆ ಬೀಳುವ ಎಳೆತವು ಕೊಳವೆಯ ತ್ರಿಜ್ಯಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಲಾಪ್ಲಾಸನ ನಿಯಮ. ಸೈಕಲ್ಲಿನ ಟ್ಯೂಬು ಉಬ್ಬಿದ ಕಡೆಯಲ್ಲಿಯೇ ಸಿಡಿಯುವುದು ಇದರಿಂದಲೇ. ದೊಡ್ಡ ಕರುಳಿನ ಆದಿಭಾಗವೇ ಅತಿ ಅಗಲವಾದುದು. ಗೋಡೆಯೂ ಅಲ್ಲಿ ತೆಳು. ಕರುಳಿನಲ್ಲಿ ಉರಿಯೂತವೋ ಗಂಟೋ ಇದ್ದವರಿಗೆ ಈ ಎಳೆತ ಇನ್ನೂ ಅಪಾಯಕರ. ನಳಿಕೆಯ ತುದಿಯೇ ಗುದನಾಳವನ್ನು ಚುಚ್ಚಿ ರಂಧ್ರ ಮಾಡಿದ ಪ್ರಕರಣಗಳೂ ವರದಿಯಾಗಿವೆ. ಕರುಳಿನೊಳಗಿನದು ಹೊಟ್ಟೆಯ ಪೊಳ್ಳಿಗೆ ಸೋರಿತೆಂದರೆ ಶಸ್ತ್ರಚಿಕಿತ್ಸೆಯ ಹೊರತು ಗತಿಯಿಲ್ಲ.

ಮೂರನೆಯದು ಸೋಂಕು. ಅಮೆರಿಕದ ಕೊಲರಾಡೊ ಸಂಸ್ಥಾನದ ಪಶ್ಚಿಮ ಭಾಗದ ಚಿಕಿತ್ಸಾಲಯವೊಂದರಲ್ಲಿ ೧೯೭೮ರ ಜೂನ್ ತಿಂಗಳಿನಿಂದ ೧೯೮೦ರ ಡಿಸೆಂಬರಿನವರೆಗೆ ಕರುಳನ್ನು ತೊಳೆಸಿಕೊಂಡವರಲ್ಲಿ ಕಡಮೆಯೆಂದರೆ ೩೬ ಮಂದಿಗೆ ಅಮೀಬ ರೋಗ ತಗುಲಿತು. ೧೦ ಮಂದಿಯ ದೊಡ್ಡ ಕರುಳನ್ನು ತೆಗೆಯಬೇಕಾಯಿತು; ಅವರಲ್ಲಿ ೬ ಮಂದಿ ಸತ್ತರು. ತಪಾಸಣೆಯಲ್ಲಿ, ಎಂದಿನಂತೆ ಶುಚಿಮಾಡಿದ ಮೇಲೂ ಯಂತ್ರದಲ್ಲಿ ಮಲದ ಸೂಕ್ಷ್ಮಜೀವಿಗಳು ಹೇರಳವಾಗಿದ್ದುದು ಕಂಡುಬಂದಿತು. ಶುದ್ಧಿಗೆಂದು ಹೋದವರು ಮತ್ತೊಬ್ಬರ ಅಶುದ್ಧಿಯನ್ನು ಹೊತ್ತು ಬಂದರು. ಕಾಫಿಯ ಎನಿಮಾವನ್ನು ಪದೇ ಪದೇ ತೆಗೆದುಕೊಂಡ ಇಬ್ಬರು ರಕ್ತದ ಲವಣಗಳು ಏರುಪೇರಾಗಿ ಸತ್ತ ಸಂಗತಿ ೧೯೮೦ರಲ್ಲಿ ಅಮೆರಿಕದಿಂದಲೇ ವರದಿಯಾಯಿತು.

ಎಲ್ಲಿ ಬೇಕು?

ಇಷ್ಟರಿಂದ ಕರುಳನ್ನು ಎಂದಿಗೂ ತೊಳೆಯಬಾರದೆಂದು ಅರ್ಥವಲ್ಲ. ದೊಡ್ಡ ಕರುಳನ್ನು ದರ್ಶಕದಿಂದ ಪರೀಕ್ಷಿಸಬೇಕಾದಾಗ ಅದು ಬರಿದಾಗಿರಲೇಬೇಕು. ಇಲ್ಲವಾದರೆ ಸಣ್ಣ ಗಂಟು ಕಣ್ಣಿಗೆ ಬೀಳದು. ಇದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ಕರುಳು ಹೀರದ ವಸ್ತುವನ್ನು ಲವಣಗಳೊಡನೆ ಬೆರೆಸಿ, ರಕ್ತದ ಅಭಿಸರಣ ಒತ್ತಡಕ್ಕೆ ಸರಿಯಾಗಿ ಹದಗೊಳಿಸಿದ ದ್ರಾವಣವನ್ನು ೧೯೮೦ರಲ್ಲಿ ರೂಪಿಸಲಾಯಿತು. ನೀರು ಅತ್ತ ಸೇರದು, ಇತ್ತ ಬಾರದು, ಹಾದುಹೋಗುತ್ತದೆ. ಅಭಿಸರಣದ ನಿಯಮವನ್ನು ಅರಿತು ಮಾಡಿದ ಶುದ್ಧಿಗೂ ಅರಿಯದೆ ಮಾಡಿದ ಶುದ್ಧಿಗೂ ಇರುವ ಅಂತರವಿದು. ಇದೇ ಉದ್ದೇಶಕ್ಕೆ ಬಳಕೆಯಲ್ಲಿದ್ದ ಸೋಡಿಯಂ ಫಾಸ್ಫೇಟಿನ ಸೇವನೆಯಿಂದ ಕೆಲವರ ಮೂತ್ರಪಿಂಡಗಳು ಕೆಟ್ಟುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೦೮ರಲ್ಲಿ ತೀವ್ರ ಎಚ್ಚರಿಕೆ ನೀಡಬೇಕಾಯಿತು. ಮಲವು ಗಟ್ಟಿಯಾಗಿ ಸಿಕ್ಕಿಕೊಂಡವರಿಗೂ, ಬೆನ್ನುಹುರಿಗೆ ಪೆಟ್ಟುಬಿದ್ದು ಕರುಳಿನ ಹತೋಟಿ ತಪ್ಪಿದವರಿಗೂ ವೈದ್ಯರ ಆಣತಿಯ ಮೇರೆಗೆ ತೊಳೆಯುವುದು ಉಪಕಾರವೇ.

ಉಳಿದವರಿಗೆ ಬೇಕಾದುದು ತೊಳೆಯುವ ನೀರಲ್ಲ, ಉಣ್ಣುವ ನಾರು. ವಯಸ್ಕರಿಗೆ ದಿನಕ್ಕೆ ೨೫ ಗ್ರಾಮಿಗೆ ಕಡಿಮೆಯಿಲ್ಲದಂತೆ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾಗಿ, ಜೋಳ, ತೊಗಟೆ ತೆಗೆಯದ ಕಾಳು, ಸೊಪ್ಪು, ಹಣ್ಣು ಇವು ನಮ್ಮ ಊಟಕ್ಕೆ ಹೊಸವಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಸಾಕಷ್ಟು ನೀರು, ನಡಿಗೆ, ವೇಗ ಬಂದಾಗ ತಡೆಯದಿರುವುದು ಇವಿಷ್ಟಿದ್ದರೆ ಬಹುಜನರಿಗೆ ಸಾಕು. ದಿನಕ್ಕೊಮ್ಮೆ ಆಗಲೇಬೇಕೆಂಬ ನಿಯಮವೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಸಹಜವೆಂದೇ ವೈದ್ಯರ ಎಣಿಕೆ.

ಕಡೆಯದಾಗಿ, ಮುಖ್ಯವಾದ ಮಾತೊಂದುಂಟು. ಬಹುಕಾಲದ ರೂಢಿ ಇದ್ದಕ್ಕಿದ್ದಂತೆ ಬದಲಾಗಿ ಹಾಗೆಯೇ ಉಳಿದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ತೋರಿದರೆ, ಅದು ತೊಳೆಯಬೇಕಾದ ಕೊಳೆಯಲ್ಲ, ಪರೀಕ್ಷಿಸಬೇಕಾದ ಲಕ್ಷಣ. ದೊಡ್ಡ ಕರುಳಿನ ಅರ್ಬುದರೋಗ ಹೀಗೆಯೇ ಕಾಣಿಸಿಕೊಳ್ಳಬಹುದು. ಬೇಗ ಪತ್ತೆಯಾದರೆ ಅದನ್ನು ಗುಣಪಡಿಸುವುದು ಬಹುಮಟ್ಟಿಗೆ ಸಾಧ್ಯ. ಅಂಥ ವೇಳೆಯಲ್ಲಿ ಚೂರ್ಣದಿಂದ ಚೂರ್ಣಕ್ಕೆ ಅಲೆಯುತ್ತ ಕಳೆದ ತಿಂಗಳುಗಳನ್ನು ಯಾವ ಶುದ್ಧಿಯೂ ಹಿಂದಕ್ಕೆ ತಂದುಕೊಡಲಾರದು.